ಆಸ್ಟಿನ್ ರೆಡ್ ಲೈನ್ ರೈಲು: ಲಿಯಾಂಡರ್‌ನಿಂದ 11 ವರ್ಷ ಓಡಾಡಿದವನ ವಿಮರ್ಶೆ

ನನ್ನ ಅಂಕ 5ಕ್ಕೆ 3.5. ಲೆಕ್ಕ ಹೀಗೆ: ರೈಲಿಗೆ ನಾಲ್ಕೂವರೆ, ರೈಲಿನ ತನಕ ಹೋಗಿ ಸೇರೋದಕ್ಕೆ ಎರಡು. ಸರಾಸರಿ ಮೂರೂಕಾಲು ಬರುತ್ತದೆ. ಉಳಿದ ಕಾಲು ಪ್ರೀತಿಗೆ ಹಾಕಿದ್ದು.

ಅಮೆರಿಕದ ಟೆಕ್ಸಾಸ್‌ನಲ್ಲಿ, ಆಸ್ಟಿನ್ ಕಡೆ ಮನೆ ಹುಡುಕುವ ನಮ್ಮವರು ಹಬ್ಬದೂಟಕ್ಕೆ ಸಿಕ್ಕಾಗಲೆಲ್ಲ ಕೇಳುತ್ತಾರೆ, "ಲಿಯಾಂಡರ್‌ನಲ್ಲಿ ಮನೆ ತಗೊಂಡ್ರೆ ರೈಲಲ್ಲೇ ಆಫೀಸಿಗೆ ಹೋಗಬಹುದಂತೆ, ನಿಜಾನಾ?" ನಿಜ. ನಾನು 2014ರಿಂದ ಹೋಗುತ್ತಿದ್ದೇನೆ. 2020ರವರೆಗೆ ವಾರಕ್ಕೆ ಐದು ದಿನ, ಈಗ ಮೂರು ದಿನ. ಆದರೆ ಪ್ರತಿ ಸಲವೂ ಬಾಯಲ್ಲಿ ಇಷ್ಟುದ್ದ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. 32 ಮೈಲಿ ದಾರಿ. ಒಂದು ತುದಿ ಲಿಯಾಂಡರ್, ಇನ್ನೊಂದು ಆಸ್ಟಿನ್ ಡೌನ್‌ಟೌನ್. ಪೂರ್ತಿ ಹೋದರೆ ಹೆಚ್ಚುಕಡಿಮೆ ಒಂದು ಗಂಟೆ. 2004ರಲ್ಲಿ ಜನ ಮತ ಹಾಕಿ ಒಪ್ಪಿದರು, ಓಡಿದ್ದು 2010ರ ಮಾರ್ಚ್ 22ಕ್ಕೆ. ಹಳಿ ಹೊಸದಾಗಿ ಹಾಕಿದ್ದಲ್ಲ. 1880ರ ದಶಕದಲ್ಲಿ ಹಾಕಿದ ಹಳೇ ಗೂಡ್ಸ್ ದಾರಿ ಅದು. ಆಸ್ಟಿನ್‌ನ ಕ್ಯಾಪಿಟಲ್, ಅಂದರೆ ಟೆಕ್ಸಾಸ್‌ನ ವಿಧಾನಸೌಧದ ಗುಲಾಬಿ ಗ್ರಾನೈಟ್ ಬಂದದ್ದು ಇದೇ ದಾರಿಯಲ್ಲಿ. ಗಾಡಿ ಮಗುಚಿ ಬ್ರಶಿ ಕ್ರೀಕ್ ಹೊಳೆಗೆ ಬಿದ್ದ ಕೆಲವು ಬಂಡೆ ಇನ್ನೂ ಅಲ್ಲೇ ಇವೆ ಅಂತ ಇಲ್ಲಿಯ ಹಳಬರು ಹೇಳುತ್ತಾರೆ. ಗೂಡ್ಸ್ ಗಾಡಿಗಳು ಈ ದಾರಿಯಲ್ಲಿ ಈಗಲೂ ಓಡುತ್ತವೆ.

ಬೋಗಿಗಳು ಸ್ವಿಟ್ಜರ್ಲೆಂಡಿನ ಸ್ಟ್ಯಾಡ್ಲರ್ ಕಂಪನಿಯವು. ಡೀಸೆಲ್ ಎಂಜಿನ್ನು ಕರೆಂಟು ಮಾಡಿ ಗಾಡಿ ಎಳೆಯುತ್ತದೆ. ಎರಡು ಬೋಗಿ, ನಡುವೆ ಎಂಜಿನ್ನಿನ ಪುಟ್ಟ ಡಬ್ಬಿ. ಆ ಡಬ್ಬಿಯ ಮಧ್ಯೆ ಒಂದು ಓಣಿ. ಅದರಲ್ಲಿ ನಡೆದು ಹೋಗುವಾಗ ಎರಡೂ ಗೋಡೆ ಸಣ್ಣಗೆ ನಡುಗುವುದು ಅಂಗೈಗೆ ಗೊತ್ತಾಗುತ್ತದೆ, ಹಿಟ್ಟಿನ ಗಿರಣಿಯ ಬಾಗಿಲು ಮುಟ್ಟಿದ ಹಾಗೆ. ನನ್ನ ಮಗಳಿಗೆ ಚಿಕ್ಕವಳಿದ್ದಾಗ ರೈಲು ಅಂದರೆ ಆ ಓಣಿ ಮಾತ್ರ.

2016ರಲ್ಲಿ ಅಪ್ಪ ಬಂದಿದ್ದರು. ತುಮಕೂರಿನಿಂದ ಬೆಂಗಳೂರಿಗೆ ಇಪ್ಪತ್ತೆರಡು ವರ್ಷ ಮಂತ್ಲಿ ಪಾಸಿನಲ್ಲಿ ಓಡಾಡಿದ ಮನುಷ್ಯ. ಬ್ರೀಫ್‌ಕೇಸ್ ತೊಡೆ ಮೇಲಿಟ್ಟು ಇಸ್ಪೀಟು ಆಡುತ್ತಲೇ ಸರ್ವಿಸ್ ಮುಗಿಸಿದವರು. ಅವರನ್ನು ಒಂದು ದಿನ ಕರೆದುಕೊಂಡು ಹೋದೆ. ಪ್ಲಾಟ್‌ಫಾರಂನಲ್ಲಿ ನಿಂತು ಗಾಡಿ ನೋಡಿ, "ಇದೇನಪ್ಪಾ, ಎರಡೇ ಬೋಗಿ?" ಅಂದರು. ಕೂರಲು 108 ಸೀಟು ಇವೆ ಅಂದೆ. "ಸರಿ, ಅಷ್ಟೋತ್ತರಕ್ಕೆ ಸಾಕು."

ಒಳಗೆ ಎಲ್ಲಾ ಮೆಚ್ಚಿದರು. ಎಸಿ, ಮೇಜು, ವೈಫೈ, ಸೈಕಲ್ ನೇತುಹಾಕುವ ಕೊಕ್ಕೆ. ಯಾರೂ ಯಾರ ಜೊತೆಗೂ ಮಾತಾಡದೆ ಕೂತಿದ್ದು ಮಾತ್ರ ಹಿಡಿಸಲಿಲ್ಲ. ದಾರಿ ಮಧ್ಯೆ, ಯಾವ ಸ್ಟೇಷನ್ನೂ ಅಲ್ಲದ ಕಡೆ ಗಾಡಿ ನಿಧಾನವಾಗಿ ನಿಂತಿತು. ನಾನು ವಿವರಿಸೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕಿಟಕಿ ಕಡೆ ನೋಡುತ್ತಾ, "ಕ್ರಾಸಿಂಗಾ?" ಅಂದರು. ಒಂದು ನಿಮಿಷಕ್ಕೆ ಎದುರು ಗಾಡಿ ಪಕ್ಕದ ಹಳಿಯಲ್ಲಿ ಹೋಯಿತು. ಆಸ್ಟಿನ್‌ನಲ್ಲಿ ದೊಡ್ಡ ಓದು ಓದಿದ ನನ್ನ ಸಹೋದ್ಯೋಗಿಗಳಿಗೆ ಎರಡು ವರ್ಷದಿಂದ ಅರ್ಥವಾಗದ್ದು ತುಮಕೂರಿನವರಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು.

ಈ ಸೇವೆಯ ಎಲ್ಲ ಗುಣಾವಗುಣ ಆ ಒಂದು ಮಾತಿನಲ್ಲೇ ಇದೆ. ಹೆಚ್ಚಿನ ದಾರಿ ಒಂಟಿ ಹಳಿ. ಕ್ರಾಸಿಂಗ್‌ಗೆ ಜಾಗ ಇರುವ ಕಡೆ ಮಾತ್ರ ಎದುರುಬದುರು ಹಾಯಬಹುದು. ಹಾಗಾಗಿ ಜನ ಜಾಸ್ತಿ ಆದರೆಂದು ಗಾಡಿ ಜಾಸ್ತಿ ಬಿಡೋಕೆ ಆಗಲ್ಲ. ಬೆಳಿಗ್ಗೆ, ಸಂಜೆ ಪರವಾಗಿಲ್ಲ. ನಡುಮಧ್ಯಾಹ್ನ ಒಂದು ತಪ್ಪಿದರೆ ಮುಂದಿನದಕ್ಕೆ ಒಂದು ನಿದ್ದೆ ಮಾಡಿ ಏಳಬಹುದು. ನಾನು ಒಮ್ಮೆ ಕಾಫಿ ಆಸೆಗೆ ಅಂಗಡಿ ಹೊಕ್ಕು, ಹೊರಗೆ ಬಂದಾಗ ಗಾಡಿಯ ಬೆನ್ನು ನೋಡಿದೆ. ತಪ್ಪು ನನ್ನದೇ. ಆಮೇಲಿನಿಂದ ಫ್ಲಾಸ್ಕಿನಲ್ಲಿ ಮನೆ ಕಾಫಿ. ಶುರುವಿನಲ್ಲಿ ಇನ್ನೂ ಕಷ್ಟ ಇತ್ತಂತೆ, ಬರೀ ಕೆಲಸದ ದಿನ. ಶುಕ್ರವಾರ ರಾತ್ರಿ ಮತ್ತು ಶನಿವಾರದ ಗಾಡಿ ಬಂದದ್ದು 2012ರಲ್ಲಿ.

ದುಡ್ಡಿನ ಮಾತು. ನಾನು ಕೊಡುತ್ತಾ ಬಂದದ್ದು ಒಂದು ಸಲಕ್ಕೆ 3.50 ಡಾಲರ್, ದಿನಪೂರ್ತಿ 7, ತಿಂಗಳ ಪಾಸು 96.25. ಸ್ಟೇಷನ್ನಲ್ಲಿ ಕಾರು ನಿಲ್ಲಿಸೋದು ಪುಕ್ಕಟೆ. ಡೌನ್‌ಟೌನ್‌ನಲ್ಲಿ ಕಾರು ನಿಲ್ಲಿಸಲು ಒಂದು ವಾರಕ್ಕೆ ಆಗುವ ದುಡ್ಡಿನಲ್ಲಿ ಇಲ್ಲಿ ತಿಂಗಳು ಕಳೆಯುತ್ತದೆ.

ಇದರ ಎದುರಾಳಿ 183ಎ ಟೋಲ್ ರಸ್ತೆ. 2007ರಲ್ಲಿ ತೆರೆಯಿತು, 2012ರಲ್ಲಿ ಉದ್ದವಾಯಿತು, ಈಚೆಗೆ ಲಿಬರ್ಟಿ ಹಿಲ್ ಕಡೆಗೂ ಬೆಳೆಯಿತು. ಟೋಲ್ ಗೇಟು ಇಲ್ಲ, ನಗದು ಇಲ್ಲ. ಮೇಲಿನ ಕಮಾನು ನಿಮ್ಮ ಟ್ಯಾಗ್ ಓದುತ್ತದೆ. ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟ್ ಫೋಟೋ ತೆಗೆದು ಮನೆಗೆ ಬಿಲ್ಲು, ಅದೂ ಜಾಸ್ತಿ ದರದಲ್ಲಿ. ಕ್ರೆಡಿಟ್ ಕಾರ್ಡ್ ಬದಲಾದಾಗ ಟ್ಯಾಗ್ ಖಾತೆಗೆ ಹೊಸ ನಂಬರ್ ಹಾಕಲು ಮರೆತು ಒಂದು ಬೇಸಿಗೆ ಪೂರ್ತಿ ನಾನು ಇಂಥ ಲಕೋಟೆ ಬಿಡಿಸುತ್ತಾ ಕೂತಿದ್ದೆ. ಖಾಲಿ ಇದ್ದಾಗ ಆ ರಸ್ತೆ ಸ್ವರ್ಗ. ಅದು ಮುಗಿದು 183 ಹೆದ್ದಾರಿಗೆ, ಆಮೇಲೆ ಮೋಪ್ಯಾಕ್ ಹೆದ್ದಾರಿಗೆ ಸೇರುವಾಗ ಸ್ವರ್ಗದಿಂದ ಕೆಳಗೆ ಬೀಳುತ್ತೀರಿ. ಮೋಪ್ಯಾಕ್‌ನಲ್ಲಿ 2017ರಿಂದ ಎಕ್ಸ್‌ಪ್ರೆಸ್ ಲೇನ್ ಇದೆ. ದಟ್ಟಣೆ ಹೆಚ್ಚಿದಂತೆ ಅದರ ದರವೂ ಏರುತ್ತದೆ, ಹಬ್ಬದ ಹಿಂದಿನ ದಿನದ ಮಲ್ಲಿಗೆ ಹೂವಿನ ಹಾಗೆ.

ಈಗ ಆ ಎರಡು ಅಂಕದ ಕಥೆ, ಅಂದರೆ ರೈಲಿನ ತನಕ ಸೇರೋದು.

ಲಿಯಾಂಡರ್ ಅನ್ನೋ ಊರೇ ರೈಲಿನಿಂದ ಹುಟ್ಟಿದ್ದು. ಇಲ್ಲಿ ಮುಂಚೆ ಬಾಗ್ದಾದ್ ಅಂತ ಒಂದು ಊರಿತ್ತು. 1882ರಲ್ಲಿ ರೈಲು ಆ ಊರನ್ನು ಬಿಟ್ಟು ಒಂದು ಮೈಲಿ ಆಚೆ ಹೋಯಿತು. ಜನ ಅಂಗಡಿ ಮುಂಗಟ್ಟು ಕಿತ್ತುಕೊಂಡು ಹಳಿಯ ಪಕ್ಕಕ್ಕೆ ಬಂದರು. ಹೊಸ ಊರಿಗೆ ರೈಲ್ವೆಯ ಅಧಿಕಾರಿ ಲಿಯಾಂಡರ್ ಬ್ರೌನ್ ಹೆಸರು ಬಂತು. ಬಾಗ್ದಾದ್‌ನದು ಈಗ ಒಂದು ರಸ್ತೆಯ ಹೆಸರು, ಒಂದು ಸ್ಮಶಾನ. ಅಷ್ಟೇ.

ನಮ್ಮ ಕಾಲದಲ್ಲಿ ಅಂಗಡಿಗಳು ಹೋದದ್ದು ಹಳಿ ಕಡೆಗಲ್ಲ, ಟೋಲ್ ರಸ್ತೆ ಕಡೆಗೆ. ಸ್ಟೇಷನ್ ಸುತ್ತ 2,300 ಎಕರೆಯಲ್ಲಿ ನಡೆದಾಡುವ ಪೇಟೆ ಕಟ್ಟುವ ಯೋಜನೆ ರೈಲಿಗೂ ಮುಂಚೆಯೇ ತಯಾರಾಗಿತ್ತು. ನಾನು ಬಂದಾಗ ಅಲ್ಲಿ ಇದ್ದದ್ದು ಹುಲ್ಲು, ಬೇಲಿ, ದನ. ಚಳಿಗಾಲದ ಬೆಳಿಗ್ಗೆ ಆರೂವರೆಗೆ ಪ್ಲಾಟ್‌ಫಾರಂನಲ್ಲಿ ನಿಂತರೆ ಕತ್ತಲಲ್ಲಿ ದನ ಅಂಬಾ ಅನ್ನೋದು ಕೇಳುತ್ತಿತ್ತು. 2018ರಲ್ಲಿ ಆಸ್ಟಿನ್ ಕಮ್ಯುನಿಟಿ ಕಾಲೇಜಿನ ಕ್ಯಾಂಪಸ್ ಬಂತು. ಈಗ ನಾರ್ತ್‌ಲೈನ್ ಅನ್ನುವ ಹೊಸ ಪೇಟೆ ಏಳುತ್ತಿದೆ. ಆದರೆ ಅಷ್ಟರಲ್ಲಿ ಊರೇ ಬೆಳೆದುಬಿಟ್ಟಿತ್ತು. 2010ರ ಜನಗಣತಿಯಲ್ಲಿ 26,521, 2020ರಲ್ಲಿ 59,202. ಆ ಜನರ ಮನೆಗಳು ಸ್ಟೇಷನ್ ಸುತ್ತ ಅಲ್ಲ, ಎಲ್ಲೆಲ್ಲೋ ಬೇಲಿ ಹಾಕಿದ ಬಡಾವಣೆಗಳಲ್ಲಿ. ನನ್ನ ಮನೆಯಿಂದ ಸ್ಟೇಷನ್‌ಗೆ ಎರಡೂವರೆ ಮೈಲಿ. ಮೊದಲು ಏಳು ನಿಮಿಷ ಸಾಕಾಗುತ್ತಿತ್ತು. ಈಗ ಶಾಲೆ ಹೊತ್ತಿನಲ್ಲಿ ಸಿಗ್ನಲ್‌ಗಳನ್ನು ದಾಟಿ ಹೋಗಲು ಹದಿನೆಂಟು. ಬೇಕಾದರೆ ಆ್ಯಪ್‌ನಲ್ಲಿ ಕರೆದರೆ ಬರುವ ಪಿಕಪ್ ವ್ಯಾನ್ ಇದೆ, ದರ ಬಸ್ಸಿನಷ್ಟೇ. ಮಗಳು ಅದನ್ನೇ ಬಳಸುತ್ತಾಳೆ.

ಈಗ ಕುಕ್ಕರ್ ವಿಷಯ. ರೈಲಿನ ವಿಮರ್ಶೆಯಲ್ಲಿ ಕುಕ್ಕರ್ ಯಾಕೆ ಅಂದರೆ, ರೈಲು ಓಡೋದೇ ಅದರಿಂದ. ಟೆಕ್ಸಾಸ್‌ನಲ್ಲಿ ಅಕ್ಕಿ ಬೇಳೆಗೆ ತೆರಿಗೆ ಇಲ್ಲ. ಪಾತ್ರೆ, ಬಟ್ಟೆ, ಟಿವಿಗೆ ಬಿಲ್ಲಿನ ಕೊನೆಗೆ 8.25%. ಅದರಲ್ಲಿ 6.25 ರಾಜ್ಯಕ್ಕೆ, 2 ಊರಿನ ಪಾಲಿಗೆ. ಲಿಯಾಂಡರ್ ತನ್ನ ಎರಡರಲ್ಲಿ ಒಂದನ್ನು ರೈಲು, ಬಸ್ಸು ನಡೆಸುವ ಕ್ಯಾಪ್‌ಮೆಟ್ರೋಗೆ ಕೊಡುತ್ತದೆ. ಪಕ್ಕದ ಸೀಡರ್ ಪಾರ್ಕ್ 1998ರಲ್ಲೇ ಮತ ಹಾಕಿ ಅದರಿಂದ ಹೊರಬಂತು. ಆ ದುಡ್ಡನ್ನು ತನ್ನ ಊರಿನ ಬೆಳವಣಿಗೆಗೆ ಇಟ್ಟುಕೊಂಡಿತು. ಫಲ? ರೈಲು ಸೀಡರ್ ಪಾರ್ಕ್ ಒಳಗೇ ಹಾದುಹೋಗುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಲಿಯಾಂಡರ್ ಬಿಟ್ಟರೆ ಮುಂದೆ ನಿಲ್ಲೋದು ಆಸ್ಟಿನ್ ಗಡಿಯೊಳಗಿನ ಲೇಕ್‌ಲೈನ್‌ನಲ್ಲೇ. ಸೀಡರ್ ಪಾರ್ಕಿನ ಗೆಳೆಯನ ಹಿತ್ತಲಿನಿಂದ ಹಳಿ ಕಾಣುತ್ತದೆ. ಅವನು ದಿನಾ ಹಾರ್ನ್ ಕೇಳಿಸಿಕೊಂಡು ಕಾರಿನಲ್ಲಿ ಲೇಕ್‌ಲೈನ್‌ಗೆ ಹೋಗಿ ಹತ್ತುತ್ತಾನೆ.

ಆದರೆ ದೊಡ್ಡ ಅಂಗಡಿಗಳೆಲ್ಲ ಸೀಡರ್ ಪಾರ್ಕಿನಲ್ಲೇ ಮೊದಲು ಬಂದವು. ನಾವು ಲಿಯಾಂಡರ್‌ನವರು ವರ್ಷಗಟ್ಟಲೆ ಅಲ್ಲಿಗೇ ಹೋಗಿ ಕೊಂಡೆವು. ನನ್ನ ಮನೆಯ ಕುಕ್ಕರ್, ಮಿಕ್ಸಿ, ಸೋಫಾ ಯಾವುದೂ ನನ್ನ ರೈಲಿಗೆ ಒಂದು ಸೆಂಟೂ ಕೊಟ್ಟಿಲ್ಲ. 2022ರ ಮೇನಲ್ಲಿ ಲಿಯಾಂಡರ್‌ನಲ್ಲೂ ಮತದಾನ ಆಯಿತು, ಕ್ಯಾಪ್‌ಮೆಟ್ರೋದಲ್ಲಿ ಇರೋದಾ, ಬಿಡೋದಾ ಅಂತ. ಪಕ್ಕದ ಮನೆಯ ದಾವಣಗೆರೆಯವರು ಬಿಡಬೇಕು ಅನ್ನುವ ಪಕ್ಷ. "ಏನ್ರೀ, ನಿಮ್ಮಂಥ ನಾಲ್ಕು ಜನಕ್ಕೋಸ್ಕರ ಊರಿನ ತೆರಿಗೆಲಿ ಅರ್ಧ ಕೊಡಬೇಕಾ? ಅದೇ ದುಡ್ಡಲ್ಲಿ ರಸ್ತೆ ಆಗ್ತಿತ್ತು" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಊರು ಕೊಡುವುದಕ್ಕೆ ಹೋಲಿಸಿದರೆ ಹತ್ತುವವರು ಕಮ್ಮಿಯೇ. ಜನ ಇರೋಣ ಅಂತಲೇ ಮತ ಹಾಕಿದರು. ನಾನು ಆಗ ಗ್ರೀನ್ ಕಾರ್ಡ್ ಸಾಲಿನಲ್ಲಿದ್ದವನು, ಮತ ಇರಲಿಲ್ಲ. ಫಲಿತಾಂಶದ ರಾತ್ರಿ ಫೋನ್ ಹಿಡಿದು ಕೂತಿದ್ದೆ. ಹೆಂಡತಿ, "ಇಷ್ಟು ಆಸೆಯಿಂದ ವಿಧಾನಸಭೆ ರಿಸಲ್ಟೂ ನೋಡಿದ್ದಿಲ್ಲ ನೀವು" ಅಂದಳು. ಆವತ್ತಿನಿಂದ ಲಿಯಾಂಡರ್‌ನಲ್ಲಿ ಸಿಗುವ ವಸ್ತುವನ್ನು ಲಿಯಾಂಡರ್‌ನಲ್ಲೇ ಕೊಳ್ಳುತ್ತೇನೆ. ಹಟ ಅನ್ನಿ, ಹರಕೆ ಅನ್ನಿ.

ಕಿಟಕಿಯಿಂದ ಕಂಡ ಇನ್ನೊಂದು ಅಂಗಡಿ ಕಥೆ ಹೈಲ್ಯಾಂಡ್ ಸ್ಟೇಷನ್ ಹತ್ತಿರದ್ದು. ಹೈಲ್ಯಾಂಡ್ ಮಾಲ್ 1971ರಲ್ಲಿ ತೆರೆದದ್ದು, ಆಸ್ಟಿನ್‌ನ ಮೊದಲ ಎಸಿ ಮಾಲ್. ನಾನು ಓಡಾಡಲು ಶುರು ಮಾಡಿದಾಗ ಕೊನೆಯುಸಿರು ಎಳೆಯುತ್ತಿತ್ತು, 2015ರಲ್ಲಿ ಮುಚ್ಚಿತು. ಕಮ್ಯುನಿಟಿ ಕಾಲೇಜು ಅದನ್ನು ಕೊಂಡು, ಹಿಂದೆ ಜೆಸಿ ಪೆನ್ನಿ ಅಂಗಡಿ ಇದ್ದ ಜಾಗದಲ್ಲೇ ತರಗತಿ ನಡೆಸುತ್ತಿದೆ. ಈಗ ಆ ಸ್ಟೇಷನ್ನಲ್ಲಿ ಬೆನ್ನಿಗೆ ಚೀಲ ಹಾಕಿದ ಹುಡುಗರು ಇಳಿಯುತ್ತಾರೆ. ನಮ್ಮ ಆಫೀಸಿನ ಹಿರಿಯರೊಬ್ಬರು ಅಲ್ಲಿ ಮದುವೆ ಸೂಟು ಕೊಂಡಿದ್ದರಂತೆ. ಅವರ ಮೊಮ್ಮಗ ಅಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾನೆ.

ಡೊಮೇನ್ (ಆಸ್ಟಿನ್‌ನ ಉತ್ತರ ಭಾಗದ ಅಂಗಡಿ, ಆಫೀಸುಗಳ ಪೇಟೆ) ಕಡೆ ಕೆಲಸ ಇರುವವರು ಸ್ವಲ್ಪ ಯೋಚಿಸಿ. ನಾನು ಹೋಗುತ್ತಿದ್ದದ್ದು ಕ್ರೇಮರ್ ಸ್ಟೇಷನ್ನಲ್ಲಿ ಇಳಿದು. ನಕ್ಷೆಯಲ್ಲಿ ಪಕ್ಕದಲ್ಲೇ, ಕಾಲಿಗೆ ಹೆಚ್ಚುಕಡಿಮೆ ಒಂದು ಮೈಲಿ, ನೆರಳಿಲ್ಲದ ಪಾರ್ಕಿಂಗ್ ಬಯಲುಗಳ ಮಧ್ಯೆ. 2023ರಲ್ಲಿ ಆಸ್ಟಿನ್ 45 ದಿನ ಸತತ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಆ ಬೇಸಿಗೆಯಲ್ಲಿ ಒಂದು ದಿನ ನಡೆದೆ. ಟಾರಿಗೆ ಬೂಟಿನ ಅಡಿ ಅಂಟುತ್ತಿತ್ತು. ಮೀಟಿಂಗಿಗೆ ಹೋದಾಗ ಸೆಕ್ಯೂರಿಟಿಯವನೇ ಎದ್ದು ನೀರು ಕೊಟ್ಟ. ಲೇಕ್‌ಲೈನ್‌ನದೂ ಅದೇ ಹಾಡು. 2018ರಲ್ಲಿ ಅಲ್ಲಿ ಎಚ್ ಮಾರ್ಟ್ ಅನ್ನುವ ದಿನಸಿ ಅಂಗಡಿ ಬಂತು. ಬಾಳೆ ಎಲೆ, ನುಗ್ಗೆಕಾಯಿ ಎಲ್ಲಾ ಸಿಗುತ್ತದೆ. ರೈಲಿನಿಂದ ಇಳಿದು ತಗೊಂಡು ಹೋಗೋಣ ಅಂದರೆ ನಡುವೆ 183 ಹೆದ್ದಾರಿ ಮಲಗಿದೆ.

ಫುಟ್‌ಬಾಲ್ ನೋಡುವವರಿಗೆ ಮಾತ್ರ ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ. 2021ರಲ್ಲಿ ಕ್ಯೂ2 ಸ್ಟೇಡಿಯಂ ತೆರೆಯಿತು, 2024ರ ಫೆಬ್ರವರಿಯಲ್ಲಿ ಅದರ ಪಕ್ಕದಲ್ಲೇ ಮೆಕಾಲಾ ಸ್ಟೇಷನ್ ಬಂತು. ಪಂದ್ಯದ ದಿನ ಗಾಡಿ ತುಂಬ ಹಸಿರು ಅಂಗಿ, ಡೋಲು. ಹನ್ನೊಂದು ವರ್ಷದಲ್ಲಿ ಈ ರೈಲಿನಲ್ಲಿ ಅಪರಿಚಿತರು ಮಾತಾಡಿಕೊಂಡದ್ದು ನೋಡಿದ್ದು ಅಂಥ ದಿನಗಳಲ್ಲೇ. ಅಪ್ಪ ಆ ದಿನ ಬರಬೇಕಿತ್ತು.

2021ರ ಫೆಬ್ರವರಿಯ ಹಿಮಗಾಳಿಯಲ್ಲಿ ರೈಲು, ಬಸ್ಸು ಎಲ್ಲಾ ನಿಂತವು. ಮನೆಯಲ್ಲಿ ಕರೆಂಟೂ ಇರಲಿಲ್ಲ, ರೈಲನ್ನು ದೂರಿ ಏನು ಬಂತು. ಹಾಗಾಗಿ ಅದಕ್ಕೆ ಅಂಕ ಕಳೆದಿಲ್ಲ.

ಯಾರಿಗೆ ಆಗುತ್ತದೆ? ಆಫೀಸು ಡೌನ್‌ಟೌನ್‌ನಲ್ಲಿ, ಹೊತ್ತು ಗೊತ್ತಾಗಿರುವ ಕೆಲಸ, ಮನೆ ಸ್ಟೇಷನ್‌ಗೆ ಮೂರು ಮೈಲಿ ಒಳಗೆ. ಈ ಮೂರೂ ಇದ್ದರೆ ತಗೊಳ್ಳಿ. ಪ್ಲಾಜಾ ಸಾಲ್ಟಿಯೋ ಸ್ಟೇಷನ್ ಸುತ್ತಮುತ್ತ ಕೆಲಸ ಇರುವವರಿಗೂ ಒಳ್ಳೆಯದು. ಕ್ರೆಸ್ಟ್‌ವ್ಯೂನಲ್ಲಿ ಇಳಿದು 801 ಬಸ್ ಹಿಡಿದು ಯೂನಿವರ್ಸಿಟಿಗೆ ಹೋಗುವವರೂ ಇದ್ದಾರೆ. ಮಧ್ಯಾಹ್ನ ಮೂರಕ್ಕೆ ಮಗುವನ್ನು ಶಾಲೆಯಿಂದ ಕರೆತರುವ ಜವಾಬ್ದಾರಿ ನಿಮ್ಮದಾಗಿದ್ದರೆ ಬೇಡ, ಕಾರೇ ಇರಲಿ. "ರೈಲು ಇದೆ" ಅನ್ನುವ ಒಂದೇ ಮಾತಿಗೆ ಹೆಚ್ಚು ದುಡ್ಡು ಕೊಟ್ಟು ಮನೆ ಕೊಳ್ಳಬೇಡಿ. ಮೊದಲು ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ ಆ ಮನೆಯ ಬಾಗಿಲಿನಿಂದ ಪ್ಲಾಟ್‌ಫಾರಂ ತನಕ ಹೋಗಿ ನೋಡಿ.

ಹತ್ತಿದ ಮೇಲೆ ಬಲಗಡೆ ಕೂತುಕೊಳ್ಳಿ. ಬೆಳಿಗ್ಗೆ ಆಸ್ಟಿನ್ ಕಡೆ ಹೋಗುವಾಗ ಬಿಸಿಲು ಎಡಕ್ಕೆ ಬೀಳುತ್ತದೆ, ಸಂಜೆ ವಾಪಸ್ ಬರುವಾಗಲೂ ಎಡಕ್ಕೇ.