ಒಂದೇ ಕಂಪ್ಯೂಟರಿನಲ್ಲಿ ಏಬಲ್ಟನ್ ಲೈವ್ 11 ಮತ್ತು 12: ಜೊತೆಬಳಕೆಯ ವಿಮರ್ಶೆ

ನಾಟಕಗಳಿಗೆ ಸಂಗೀತ ಮಾಡುವವರಿಗೆ ಕೆಲಸ ಮುಗಿಯಿತು ಎಂದು ಹೇಳುವ ದಿನ ಬರುವುದೇ ಇಲ್ಲ. ಮೂರು ವರ್ಷದ ಹಿಂದಿನ ನಾಟಕ ಮತ್ತೆ ರಂಗಕ್ಕೆ ಬರುತ್ತದೆ, ಅಷ್ಟರಲ್ಲಿ ಹಾಡುವವರು ಬದಲಾಗಿರುತ್ತಾರೆ, ಶ್ರುತಿ ಇಳಿಸಬೇಕಾಗುತ್ತದೆ, ಆಗ ಹಳೆಯ ಫೈಲು ಅಂದು ಹೇಗೆ ಕೇಳಿಸುತ್ತಿತ್ತೋ ಹಾಗೆಯೇ ತೆರೆದುಕೊಳ್ಳಬೇಕು. ಸಂಗೀತ ರಚಿಸಲು, ಧ್ವನಿಮುದ್ರಿಸಲು ಬಳಸುವ ಸಾಫ್ಟ್‌ವೇರಾದ ಏಬಲ್ಟನ್ ಲೈವ್‌ನ 12ನೆಯ ಆವೃತ್ತಿ 2024ರ ಮಾರ್ಚ್‌ನಲ್ಲಿ ಬಿಡುಗಡೆಯಾದಾಗ ನಾನು ಅದನ್ನು ಕೊಂಡೆನಾದರೂ, 2021ರಿಂದ ನೆಚ್ಚಿಕೊಂಡಿದ್ದ 11ನ್ನು ತೆಗೆದುಹಾಕಲಿಲ್ಲ. ಮೈಸೂರಿನ ನನ್ನ ಮನೆಯ ಸ್ಟುಡಿಯೊದಲ್ಲಿ ಅಂದಿನಿಂದ ಎರಡೂ ಒಂದೇ ಯಂತ್ರದಲ್ಲಿ ನಡೆಯುತ್ತಿವೆ. ಈ ಬರಹ ಆ ಎರಡರ ಒಟ್ಟುಬಾಳಿನ ಕುರಿತದ್ದು. 12ರ ಎಲ್ಲ ಹೊಸತನಗಳ ಪರಿಚಯ ಇಲ್ಲಿಲ್ಲ.

ಅಳವಡಿಕೆಯಲ್ಲಿ ಯಾವ ತೊಡಕೂ ಇಲ್ಲ. 12 ತನ್ನದೇ ಜಾಗದಲ್ಲಿ ಕೂರುತ್ತದೆ, 11ನ್ನು ಮುಟ್ಟುವುದಿಲ್ಲ, ಸೆಟ್ಟಿಂಗ್‌ಗಳನ್ನೂ ಪ್ರತಿ ಆವೃತ್ತಿಯ ಸಂಖ್ಯೆಯ ಹೆಸರಿರುವ ಬೇರೆ ಬೇರೆ ಫೋಲ್ಡರುಗಳಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯ ಆವೃತ್ತಿಗಳ ಇನ್‌ಸ್ಟಾಲರುಗಳನ್ನು ಕಂಪನಿ ಈಗಲೂ ಇಳಿಸಿಕೊಳ್ಳಲು ಕೊಡುತ್ತದೆ. ಒಂದು ಪರವಾನಗಿಯಲ್ಲಿ ಎರಡು ಕಂಪ್ಯೂಟರುಗಳಿಗೆ ಅವಕಾಶವಿದೆ, ಹಣ ಕೊಟ್ಟು ಕೊಂಡ ಪ್ಯಾಕ್‌ಗಳನ್ನು (ಸಿದ್ಧ ನಾದಗಳ ಕಟ್ಟುಗಳನ್ನು) ಎರಡು ಸಲ ಇಳಿಸಿಕೊಳ್ಳಬೇಕಾಗಿಲ್ಲ. ಆದರೆ ಒಂದೇ ಸರಣಿಯೊಳಗಿನ 12.1 ಮತ್ತು 12.2ರಂಥವುಗಳನ್ನು ಜೊತೆಗಿಟ್ಟುಕೊಳ್ಳಬೇಕೆಂದರೆ ಹೊಸದು ಹಳೆಯದರ ಮೇಲೆಯೇ ಕೂತುಬಿಡುತ್ತದೆ. ಮ್ಯಾಕ್‌ನಲ್ಲಿ ಮೊದಲೇ ಹಳೆಯ ಆ್ಯಪ್‌ನ ಹೆಸರು ಬದಲಾಯಿಸಿಟ್ಟರೆ ಅದು ಉಳಿಯುತ್ತದೆ. ಸ್ವಯಂಚಾಲಿತ ಅಪ್‌ಡೇಟನ್ನಂತೂ ಮೊದಲ ದಿನವೇ ಆಫ್ ಮಾಡುವುದು ಒಳ್ಳೆಯದು.

ಎಚ್ಚರ ಬೇಕಾಗಿರುವುದು ಸೆಟ್ ಫೈಲುಗಳ, ಅಂದರೆ ಒಂದು ಕೆಲಸದ ಟ್ರ್ಯಾಕುಗಳೆಲ್ಲ ಇರುವ ಲೈವ್‌ನ ಫೈಲುಗಳ ವಿಷಯದಲ್ಲಿ. 11ರ ಸೆಟ್ 12ರಲ್ಲಿ ತೆರೆಯುತ್ತದೆ. 12ರಲ್ಲಿ ಒಮ್ಮೆ ಸೇವ್ ಆದ ಸೆಟ್ 11ರಲ್ಲಿ ತೆರೆಯುವುದಿಲ್ಲ. ಈ ನಿಯಮ ಎಲ್ಲರಿಗೂ ಗೊತ್ತಿರುವುದೇ, ನನಗೂ ಗೊತ್ತಿತ್ತು. ಆದರೆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಯಾವ ಆವೃತ್ತಿಯಲ್ಲಿ ಹುಟ್ಟಿತು ಎಂಬುದನ್ನು ಕಂಪ್ಯೂಟರ್ ನೋಡುವುದಿಲ್ಲ, ತಾನು ಡೀಫಾಲ್ಟ್ ಎಂದು ಇಟ್ಟುಕೊಂಡಿರುವ ಆವೃತ್ತಿಯನ್ನೇ ತೆರೆಯುತ್ತದೆ. ಒಂದು ಸಂಜೆ ತಾಲೀಮಿಗೆ ಹೊರಡುವ ಅವಸರದಲ್ಲಿ ನಾನು 2021ರ ನಾಟಕದ ಸೆಟ್ಟನ್ನು ಹಾಗೆ ತೆರೆದು, ಒಂದು ಟ್ರ್ಯಾಕಿನ ವಾಲ್ಯೂಮ್ ಇಳಿಸಿ, ಕೈರೂಢಿಯಂತೆ ಸೇವ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟೆ. ರಂಗತಂಡದ ಲ್ಯಾಪ್‌ಟಾಪಿನಲ್ಲಿ ಇರುವುದು 11 ಮಾತ್ರ. ಅಲ್ಲಿ ಆ ಸೆಟ್ ತೆರೆಯಲಿಲ್ಲ, ನಟರು ಬಾಯಿತಾಳದಲ್ಲಿಯೇ ತಾಲೀಮು ಮುಗಿಸಬೇಕಾಯಿತು. ತಪ್ಪು ಪೂರ್ತಿ ನನ್ನದೇ.

ಮರುದಿನ ನನ್ನನ್ನು ಉಳಿಸಿದ್ದು ಪ್ರಾಜೆಕ್ಟ್ ಫೋಲ್ಡರಿನೊಳಗಿನ ಬ್ಯಾಕಪ್ ಎಂಬ ಪುಟ್ಟ ಫೋಲ್ಡರು. ಪ್ರತಿ ಸಲ ಸೇವ್ ಮಾಡಿದಾಗಲೂ ಲೈವ್ ಹಿಂದಿನ ಪ್ರತಿಯನ್ನು ದಿನಾಂಕ, ವೇಳೆ ಸೇರಿಸಿದ ಹೆಸರಿನಲ್ಲಿ ಅಲ್ಲಿ ಇಡುತ್ತದೆ, ಹೀಗೆ ಇತ್ತೀಚಿನ ಹತ್ತು ಪ್ರತಿಗಳು ಉಳಿಯುತ್ತವೆ. ನಾನು 12ರಲ್ಲಿ ಒಂದೇ ಸಲ ಸೇವ್ ಮಾಡಿದ್ದರಿಂದ 11ರ ಪ್ರತಿ ಅಲ್ಲಿ ಹಾಗೆಯೇ ಇತ್ತು. ಇಡೀ ಸಂಜೆ ಕೂತು ಮತ್ತೆ ಮತ್ತೆ ಸೇವ್ ಮಾಡಿದ್ದರೆ ಅದು ಸರದಿಯಿಂದ ಹೊರಬಿದ್ದು ಹೋಗುತ್ತಿತ್ತು. ಯಾವ ಸೆಟ್ ಯಾವ ಆವೃತ್ತಿಯದೆಂದು ಸಂದೇಹ ಬಂದರೆ ತಿಳಿಯುವ ಒಂದು ದಾರಿಯೂ ಇದೆ. ಸೆಟ್‌ನ ಎ.ಎಲ್.ಎಸ್. ಫೈಲೆಂದರೆ ಜಿಜಿಪ್ ಎಂಬ ವಿಧಾನದಲ್ಲಿ ಕುಗ್ಗಿಸಿದ ಎಕ್ಸ್‌ಎಮ್‌ಎಲ್ ಪಠ್ಯ. ಅದರ ನಕಲೊಂದನ್ನು ಬಿಚ್ಚಿ ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದರೆ, ಕಡೆಯದಾಗಿ ಸೇವ್ ಮಾಡಿದ ಆವೃತ್ತಿಯ ಸಂಖ್ಯೆ ಮೊದಲ ಕೆಲವು ಸಾಲುಗಳಲ್ಲೇ ಸಿಗುತ್ತದೆ. ಈಗ ನಾನು ಸೆಟ್‌ಗಳ ಹೆಸರಿನ ಕೊನೆಗೇ 11 ಅಥವಾ 12 ಎಂದು ಬರೆಯುತ್ತೇನೆ, ಮೊದಲು ಬೇಕಾದ ಆವೃತ್ತಿಯನ್ನು ತೆರೆದು ಆಮೇಲೆ ಅದರೊಳಗಿನಿಂದ ಸೆಟ್ ತೆರೆಯುತ್ತೇನೆ.

ಎರಡನೆಯ ತೊಡಕು ಯೂಸರ್ ಲೈಬ್ರರಿ. ನಾವೇ ಮಾಡಿಟ್ಟ ಪ್ರೀಸೆಟ್‌ಗಳು (ಉಳಿಸಿಟ್ಟ ಹೊಂದಿಕೆಗಳು), ಸಾಧನಗಳ ಜೋಡಣೆಗಳಾದ ರ‍್ಯಾಕ್‌ಗಳು ಇರುವ ಈ ಫೋಲ್ಡರನ್ನು ನಾವಾಗಿ ಬದಲಿಸದಿದ್ದರೆ ಎರಡೂ ಆವೃತ್ತಿಗಳು ಹಂಚಿಕೊಳ್ಳುತ್ತವೆ. 12ರಲ್ಲಿ ತಿದ್ದಿ ಅದೇ ಹೆಸರಿನಲ್ಲಿ ಉಳಿಸಿದ ಪ್ರೀಸೆಟ್ ಮರುದಿನ 11ರಲ್ಲಿ ಬಳಕೆಗೆ ಬಾರದು. ಪರಿಹಾರ ಸುಲಭ: ಫೋಲ್ಡರನ್ನು ನಕಲು ಮಾಡಿ, 12ರ ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿ ಎಂಬ ಪುಟದಿಂದ ಆ ನಕಲನ್ನು ತೋರಿಸಿದರೆ ಆಯಿತು. ಹತ್ತು ನಿಮಿಷದ ಕೆಲಸವಾದರೂ ಮೊದಲ ದಿನವೇ ಮಾಡಬೇಕು. ಆರು ತಿಂಗಳಾದ ಮೇಲೆ ಯಾವುದು ಯಾವ ಆವೃತ್ತಿಯದೆಂದು ಬೇರ್ಪಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆಯೇ.

ಹಳೆಯ ಆವೃತ್ತಿ ಇದ್ದರೆ ಹಳೆಯ ನಾದವೂ ಇದ್ದೇ ಇರುತ್ತದೆ ಎಂಬ ಭರವಸೆಯನ್ನು ನಿಜವಾಗಿ ಅಲ್ಲಾಡಿಸುವುದು ಪ್ಲಗಿನ್‌ಗಳು, ಅಂದರೆ ಲೈವ್‌ಗೆ ಹೊರಗಿನಿಂದ ಸೇರಿಸಿಕೊಳ್ಳುವ ವಾದ್ಯಗಳು, ಇಫೆಕ್ಟ್‌ಗಳು. ಎರಡೂ ಆವೃತ್ತಿಗಳು ನೋಡುವುದು ಒಂದೇ ವಿಎಸ್‌ಟಿ ಫೋಲ್ಡರನ್ನು. 12ಕ್ಕಾಗಿ ಒಂದು ಪ್ಲಗಿನ್ನನ್ನು ಅಪ್‌ಡೇಟ್ ಮಾಡಿದರೆ 11ರ ಪಾಲಿಗೂ ಅದು ಅಪ್‌ಡೇಟ್ ಆದಂತೆಯೇ. ನಾನು ಬಹುಕಾಲ ಬಳಸಿದ ಒಂದು ರಿವರ್ಬ್ ಹೊಸ ಆವೃತ್ತಿಗೆ ಬಂದಾಗ, ಮಳೆಯ ದೃಶ್ಯವೊಂದಕ್ಕೆ ಹಾಕಿದ್ದ ಉದ್ದನೆಯ ಅನುರಣನ ಗಿಡ್ಡವಾಗಿ ಕೇಳಿಸಿತು. 11ರಲ್ಲಿ ಏನೂ ಬದಲಾಗಿರಲಿಲ್ಲ, ಬದಲಾದದ್ದು ಅದರ ಕೆಳಗಿನ ನೆಲ. ಆದ್ದರಿಂದ ಒಂದು ನಾಟಕದ ಕೆಲಸ ಮುಗಿದಾಗ, ಹೊರಗಿನ ಪ್ಲಗಿನ್ ಇರುವ ಪ್ರತಿ ಟ್ರ್ಯಾಕನ್ನೂ ವೇವ್ ಎಂಬ ಧ್ವನಿ ಫೈಲಾಗಿಸಿ ಅದೇ ಪ್ರಾಜೆಕ್ಟಿನಲ್ಲಿ ಇಡುತ್ತೇನೆ, ಪ್ಲಗಿನ್‌ಗಳ ಹಳೆಯ ಇನ್‌ಸ್ಟಾಲರುಗಳನ್ನೂ ಬೇರೆ ಡಿಸ್ಕಿನಲ್ಲಿ ಕಾಪಿಡುತ್ತೇನೆ. ಲೈವ್‌ನ ಸ್ವಂತ ಇಫೆಕ್ಟ್‌ಗಳು ಈ ವಿಷಯದಲ್ಲಿ ಹೆಚ್ಚು ನಂಬಿಕಸ್ಥ. ರೆಡಕ್ಸ್‌ನಂಥ ಸಾಧನಗಳ ಒಳಗಿನ ಲೆಕ್ಕಾಚಾರ ಬದಲಾದಾಗ, ಹಳೆಯ ಸೆಟ್‌ನಲ್ಲಿ ಹಳೆಯ ನಾದವನ್ನೇ ಉಳಿಸಿ, ಬೇಕಿದ್ದರೆ ಒತ್ತಲು ಶೀರ್ಷಿಕೆಯ ಪಟ್ಟಿಯಲ್ಲಿ ಅಪ್‌ಗ್ರೇಡ್ ಎಂಬ ಗುಂಡಿಯನ್ನು ಇಟ್ಟಿರುತ್ತಾರೆ. ತಯಾರಕರು ಹಳೆಯ ಕೆಲಸಕ್ಕೆ ತೋರುವ ಈ ಗೌರವ ನನಗೆ ಬಹಳ ಮೆಚ್ಚುಗೆಯಾಗಿದೆ.

ಇಷ್ಟೆಲ್ಲ ಜಾಗ್ರತೆ ವಹಿಸಿ 12ನ್ನು ಏಕೆ ತರಬೇಕು ಎಂದರೆ, ನನ್ನ ಮಟ್ಟಿಗೆ ಉತ್ತರ ಒಂದೇ, ಅದರ ಶ್ರುತಿ ವ್ಯವಸ್ಥೆ. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿ ಹುಟ್ಟುವ ಗಾಂಧಾರವು ಕೀಬೋರ್ಡಿನ ಸಮಾನ ಹಂಚಿಕೆಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ (ಅರ್ಧಸ್ವರದ ನೂರು ಪಾಲುಗಳಲ್ಲಿ ಹದಿನಾಲ್ಕು) ಕೆಳಗಿರುತ್ತದೆ. ತಂಬೂರಿಯ ಜೊತೆಗೆ ಕೀಬೋರ್ಡಿನ ದೀರ್ಘ ಸ್ವರವೊಂದನ್ನು ಹಿಡಿದಾಗ ಎರಡು ಗಾಂಧಾರಗಳೂ ಒಂದಕ್ಕೊಂದು ತಾಗಿ ನಡುಗುವುದು ನಮ್ಮ ಕಿವಿಗೆ ಕೂಡಲೇ ತಿಳಿಯುತ್ತದೆ. 11ರಲ್ಲಿ ಇದಕ್ಕೆ ಮೈಕ್ರೋಟ್ಯೂನರ್ ಎಂಬ ಮ್ಯಾಕ್ಸ್ ಫಾರ್ ಲೈವ್ (ಲೈವ್‌ಗೆ ಹೊಸ ಸಾಧನಗಳನ್ನು ಕಟ್ಟುವ ವ್ಯವಸ್ಥೆ) ಸಾಧನವನ್ನು ಬೇಕಾದ ಟ್ರ್ಯಾಕುಗಳಿಗೆಲ್ಲ ಹಾಕಿಕೊಳ್ಳಬೇಕಿತ್ತು. 12ರಲ್ಲಿ ಸ್ವರಸ್ಥಾನಗಳನ್ನು ಬರೆದಿಟ್ಟ ಸ್ಕಾಲಾ ಫೈಲೊಂದನ್ನು ಇಡೀ ಸೆಟ್‌ಗೆ ಒಮ್ಮೆ ಹಾಕಿ, ಷಡ್ಜದ ಕಂಪನಾಂಕವನ್ನು ಗಾಯಕಿಯ ಐದೂವರೆ ಶ್ರುತಿಗೆ ಹೊಂದಿಸಿದರೆ, ಲೈವ್‌ನ ಸ್ವಂತ ವಾದ್ಯಗಳೆಲ್ಲ ಅದಕ್ಕೆ ಕೂಡಿಕೊಳ್ಳುತ್ತವೆ. ಮೊದಲ ಸಲ ಆ ನಡುಕ ನಿಂತು ಗಾಂಧಾರ ತಂಬೂರಿಯೊಳಗೆ ಕರಗಿದ ಕ್ಷಣದಲ್ಲಿ ನಾನು ಹೆಡ್‌ಫೋನ್ ತೆಗೆದು ಮತ್ತೆ ಹಾಕಿಕೊಂಡು ಕೇಳಿದೆ. ಹೊರಗಿನ ಪ್ಲಗಿನ್‌ಗಳಲ್ಲಿ ಎಮ್‌ಪಿಇ (ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ನಿಯಂತ್ರಿಸುವ ವಿಧಾನ) ಬೆಂಬಲ ಇಲ್ಲದವು ಇದಕ್ಕೆ ಒಗ್ಗುವುದಿಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಇತ್ತ 11ನ್ನು ಬಿಡಲಾಗದ ಕಾರಣ ಯಂತ್ರಗಳದು. ಲೈವ್ 12ಕ್ಕೆ ಕನಿಷ್ಠ ಮ್ಯಾಕ್ ಓಎಸ್ 11 ಬೇಕು, ಲೈವ್ 11 ಮಾತ್ರ ಮ್ಯಾಕ್ ಓಎಸ್ 10.13ರಲ್ಲಿಯೂ ನಡೆಯುತ್ತದೆ. ರಂಗತಂಡಗಳ ಹಳೆಯ ಲ್ಯಾಪ್‌ಟಾಪುಗಳು ಇನ್ನೂ ಗಟ್ಟಿಯಾಗಿ ಓಡುತ್ತಿರುವಾಗ ಸಾಫ್ಟ್‌ವೇರಿಗಾಗಿ ಹೊಸದನ್ನು ಕೊಳ್ಳಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯದರಿಂದ ಹೊಸದಕ್ಕೆ ಸಾಮಗ್ರಿ ತರಲು ಸೊಗಸಾದ ದಾರಿಯೊಂದಿದೆ: 12ರ ಬ್ರೌಸರಿನಲ್ಲಿ ಹಳೆಯ ಸೆಟ್ಟನ್ನು ಬಿಡಿಸಿ, ಬೇಕಾದ ಟ್ರ್ಯಾಕನ್ನಷ್ಟೇ ಎಳೆದು ಹೊಸ ಸೆಟ್ಟಿಗೆ ಹಾಕಿಕೊಳ್ಳಬಹುದು, ಮೂಲ ಫೈಲಿಗೆ ಧಕ್ಕೆಯಾಗುವುದಿಲ್ಲ. ಹೊಸದರಿಂದ ಹಳೆಯದಕ್ಕೆ ಮಾತ್ರ ವೇವ್ ಮತ್ತು ಮಿಡಿ (ನುಡಿಸಿದ ಸ್ವರಗಳ ಮಾಹಿತಿ) ಫೈಲುಗಳೇ ಗತಿ. ಸ್ವರಲಿಪಿ ಬರೆಯುವ ಸಾಫ್ಟ್‌ವೇರಾದ ಸಿಬೇಲಿಯಸ್ ತನ್ನ ಫೈಲನ್ನು ಹಿಂದಿನ ಆವೃತ್ತಿಗೆ ಹೊಂದುವಂತೆ ಉಳಿಸಿಕೊಡುತ್ತದೆ, ಧ್ವನಿಮುದ್ರಣದ ಪ್ರೊ ಟೂಲ್ಸ್‌ನಲ್ಲಿಯೂ ಅಂಥ ಏರ್ಪಾಡಿದೆ. ಲೈವ್‌ನಲ್ಲಿ ಅದು ಇಲ್ಲದಿರುವುದು ಈ ಜೊತೆಬಳಕೆಯ ಅತಿದೊಡ್ಡ ಕೊರತೆ. ಹಣವೇ ಮುಖ್ಯ ಚಿಂತೆಯಾಗಿರುವವರು ರೀಪರ್ ಎಂಬ ಇನ್ನೊಂದು ಧ್ವನಿಮುದ್ರಣ ಸಾಫ್ಟ್‌ವೇರನ್ನು ನೋಡಬಹುದು. ಅದರ ಪರವಾನಗಿ ಎರಡು ಮುಖ್ಯ ಆವೃತ್ತಿಗಳಿಗೆ ಸಲ್ಲುತ್ತದೆ, ಪೋರ್ಟಬಲ್ ಆಗಿ (ಪ್ರತಿಯೊಂದೂ ತನ್ನದೇ ಫೋಲ್ಡರಿನಲ್ಲಿ) ಎಷ್ಟು ಪ್ರತಿಗಳನ್ನಾದರೂ ಪಕ್ಕಪಕ್ಕದಲ್ಲಿ ಇಡಬಹುದು.

11 ಇರುವವರು 12ರ 30 ದಿನಗಳ ಪ್ರಯೋಗ ಆವೃತ್ತಿಯನ್ನು ಪಕ್ಕದಲ್ಲಿ ಹಾಕಿ ನೋಡಿಯೇ ಕೊಳ್ಳಲಿ. ಆ ದಿನಗಳಲ್ಲಿ ಸೇವ್ ಮಾಡಿದ ಸೆಟ್‌ಗಳು 11ರಲ್ಲಿ ತೆರೆಯುವುದಿಲ್ಲವಾದ್ದರಿಂದ ನಕಲು ಫೈಲುಗಳಲ್ಲಷ್ಟೇ ಪ್ರಯೋಗ ಮಾಡಲಿ. ಅಂದು ತಾಲೀಮಿಗೆ ತೆರೆಯದೆ ಹೋದ ಆ ನಾಟಕದ ಸೆಟ್ ಈಗಲೂ 11ರಲ್ಲಿಯೇ ಇದೆ. ಮರುಪ್ರದರ್ಶನಕ್ಕೆಂದು ಸೇರಿಸಿದ ಎರಡು ಹಾಡುಗಳ ಹಿನ್ನೆಲೆಯನ್ನು ಮಾತ್ರ 12ರಲ್ಲಿ ತಂಬೂರಿಯ ಗಾಂಧಾರಕ್ಕೆ ಕೂಡಿಸಿ, ವೇವ್ ಫೈಲಾಗಿಸಿ, ಆ ಹಳೆಯ ಲ್ಯಾಪ್‌ಟಾಪಿಗೆ ಒಯ್ದಿದ್ದೇನೆ.