ಹಕ್ಕಿಗಿಂತ ಚಿಟ್ಟೆಗೇ ಹೋಗಿ

ಸಕಲೇಶಪುರ ಕಡೆಯ ಒಂದು ಹೋಮ್‌ಸ್ಟೇಯವರು ಹಕ್ಕಿ, ಚಿಟ್ಟೆ ತೋರಿಸಲು ನಡೆಸುವ ಬೆಳಗಿನ ನಡಿಗೆ, ತಲೆಗೆ 500 ರೂಪಾಯಿ. ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಹಕ್ಕಿ ಮಟ್ಟಿಗೆ ಸುಮಾರು. ಬೆಳಕು ಹರಿಯುವ ಮೊದಲೇ ಸಿಳ್ಳಾರದ ಕೂಗು ಕೇಳಿತು, ಆದರೆ ಕಾಫಿ ತೋಟದ ನೆರಳಲ್ಲಿ ಭೀಮರಾಜ, ಪಿಕಳಾರ ಬಿಟ್ಟರೆ ಕಂಡಿದ್ದು ಕಡಿಮೆ. ಅಷ್ಟೊಂದು ಜನ ಹರಟೆ ಹೊಡೆಯುತ್ತಾ ನಡೆದರೆ ಇನ್ನೇನಾಗುತ್ತದೆ ಅಲ್ವಾ? ಗುಂಪು ಚಿಕ್ಕದು ಮಾಡಲಿ.

ಬಿಸಿಲೇರಿದ ಮೇಲೆ ಬೇರೆಯದೇ ಆಟ. ಮೈ ಬಿಸಿಯಾಗದೆ ಚಿಟ್ಟೆ ಹಾರುವುದಿಲ್ಲ, ಅದಕ್ಕೇ ಒಂಬತ್ತು ಗಂಟೆ ತನಕ ಕಾಯಿಸಿದರು. ನಮ್ಮ ರಾಜ್ಯದ ಅಧಿಕೃತ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಕಪ್ಪು-ಹಳದಿ, ಅಂಗೈಗಿಂತ ಅಗಲ, ತಲೆ ಮೇಲೇ ಹಾರಿ ಹೋಯಿತು! ಅದರ ಮರಿಹುಳುಗಳು ತಿಂದು ಬೆಳೆಯುವ ಈಶ್ವರಿ ಬಳ್ಳಿಯನ್ನೂ ಗೈಡ್ ತೋರಿಸಿದರು. ಬೈನಾಕ್ಯುಲರ್ ನಿಮ್ಮದೇ ಒಯ್ಯಿರಿ, ಅಲ್ಲಿ ಕೊಡುವುದರಲ್ಲಿ ಎಲ್ಲಾ ಮಸುಕು. ಮಳೆಗಾಲದಲ್ಲಿ ಜಿಗಣೆ ಜಾಸ್ತಿ.