ಸ್ಪೀಕರ್‌ನಲ್ಲಿ ಕೇಳಿದ್ದೆಲ್ಲ ರೆಕಾರ್ಡ್ ಆಗಿರಲ್ಲ: ಲೈವ್ ರೆಕಾರ್ಡಿಂಗ್ ಮಾಡಿಸುವವರಿಗೆ

ಯಕ್ಷಗಾನದ ಆಟ, ಸಂಗೀತ ಕಛೇರಿ, ನಾಟಕ ಯಾವುದನ್ನೇ ಆಗಲಿ ಬಾಡಿಗೆ ಸೌಂಡ್‌ನವರ ಕೈಲಿ ಮಲ್ಟಿಟ್ರ್ಯಾಕ್ (ಒಂದೊಂದು ಮೈಕ್‌ಗೂ ಬೇರೆ ಫೈಲ್) ರೆಕಾರ್ಡ್ ಮಾಡಿಸುವವರು ಇದನ್ನೊಮ್ಮೆ ಓದಿಕೊಳ್ಳಿ.

ನಮ್ಮೂರ ಬಯಲಾಟಕ್ಕೆ ಕರೆಸಿದ್ದವರು ‘16 ಟ್ರ್ಯಾಕ್ ಬೇರೆ ಬೇರೆ ಕೊಡ್ತೀವಿ’ ಅಂತ ಅದಕ್ಕೇ ಬೇರೆ ದುಡ್ಡು ತಗೊಂಡರು. ಆಟದ ಸೌಂಡ್ ಬಗ್ಗೆ ತಕರಾರಿಲ್ಲ, ಭಾಗವತರ ಪದ ಕೊನೆಯ ಸಾಲಿಗೂ ಚೆನ್ನಾಗಿ ಕೇಳಿತು. ಬೆಳಿಗ್ಗೆ ಹಾರ್ಡ್‌ಡಿಸ್ಕ್ ಕೈಗೆ ಬಂತು. 16 ಫೈಲ್‌ಗಳು, ಗಂಟೆಗೆ ಹೆಚ್ಚುಕಮ್ಮಿ 8 ಜಿಬಿ. ಪ್ಲೇ ಮಾಡಿದರೆ ಸದ್ದೇ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೆ ಸಣ್ಣಗೆ ‘ಸ್ಸ್’ ಅನ್ನುತ್ತದೆ, ಅಷ್ಟೇ.

ಫೈಲ್ ಸೈಜ್ ನೋಡಿ ಸಮಾಧಾನ ಪಡಬೇಡಿ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲ್ ಅಂದರೆ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 500 ಎಂಬಿ. ಒಳಗೆ ಚೆಂಡೆ ಇರಲಿ, ಏನೂ ಇಲ್ಲದಿರಲಿ, ಸೈಜ್ ಅಷ್ಟೇ.

ಮಿಕ್ಸರ್‌ನಲ್ಲಿ ಸೇವ್ ಆಗಿದ್ದ ಸೀನ್, ಅಂದರೆ ಆ ರಾತ್ರಿಯ ಸೆಟ್ಟಿಂಗ್‌ಗಳನ್ನು, ತೆರೆಸಿ ನೋಡಿದಾಗ ಕಾರಣ ಸಿಕ್ಕಿತು. ಮೈಕ್‌ಗಳನ್ನೆಲ್ಲ ರಂಗಸ್ಥಳದ ಪಕ್ಕದ ಸ್ಟೇಜ್‌ಬಾಕ್ಸ್‌ಗೆ ಚುಚ್ಚಿ, ಅಲ್ಲಿಂದ ಮಿಕ್ಸರ್‌ಗೆ ಒಂದೇ ನೆಟ್‌ವರ್ಕ್ ಕೇಬಲ್ ಎಳೆದಿದ್ದರು. ಬೆರಿಂಜರ್ ಎಕ್ಸ್32 ತರಹದ ಮಿಕ್ಸರ್‌ಗಳಲ್ಲಿ ಚಾನೆಲ್‌ಗೆ ಸದ್ದು ಎಲ್ಲಿಂದ ಬರಬೇಕು ಅನ್ನೋದು ಒಂದು ಸೆಟ್ಟಿಂಗ್, ಲ್ಯಾಪ್‌ಟಾಪಿಗೆ ಹೋಗುವ ಕಾರ್ಡ್‌ಗೆ ಎಲ್ಲಿಂದ ಹೋಗಬೇಕು ಅನ್ನೋದು ಇನ್ನೊಂದು. ಎಂಟೆಂಟರ ಗುಂಪಿನಲ್ಲಿ ಆರಿಸಬೇಕು. ಇವರು ಮೊದಲನೆಯದನ್ನು ಸ್ಟೇಜ್‌ಬಾಕ್ಸ್‌ಗೆ, ಅಂದರೆ ಆ ಕೇಬಲ್ ಬರುವ ಎಇಎಸ್50 ಪೋರ್ಟ್‌ಗೆ ಬದಲಿಸಿದ್ದರು. ಕಾರ್ಡ್ ಮಾತ್ರ ಲೋಕಲ್ (ಮಿಕ್ಸರ್‌ನದೇ ಸಾಕೆಟ್) 1-8, 9-16 ಅಂತಲೇ ಉಳಿದಿತ್ತು. ಲ್ಯಾಪ್‌ಟಾಪ್ ರಾತ್ರಿಯಿಡೀ ರೆಕಾರ್ಡ್ ಮಾಡಿದ್ದು ಮಿಕ್ಸರ್ ಹಿಂಬದಿಯ ಖಾಲಿ ಸಾಕೆಟ್‌ಗಳನ್ನು! ಇದರಲ್ಲಿ ಮಿಕ್ಸರ್‌ದೇನೂ ತಪ್ಪಿಲ್ಲ ಬಿಡಿ.

‘ಹೆಡ್‌ಫೋನ್‌ನಲ್ಲಿ ಎಲ್ಲಾ ಕೇಳ್ತಿತ್ತಲ್ಲ ಸಾರ್’ ಅಂದ ಆಪರೇಟರ್. ಕೇಳದೆ ಏನು? ಒಂದೇ ಚಾನೆಲ್ ಕೇಳಿಸುವ ಸೋಲೋ ಬಟನ್ ಒತ್ತಿದರೆ ಕೇಳುವುದು ಚಾನೆಲ್‌ನ ಸದ್ದು. ಕಾರ್ಡ್‌ಗೆ ಏನು ಹೋಗ್ತಿದೆ ಅನ್ನೋದು ಅದರಲ್ಲಿ ಗೊತ್ತಾಗಲ್ಲ.

ಮಿಕ್ಸರ್‌ಗೆ ಹಾಕಿದ್ದ ಪೆನ್‌ಡ್ರೈವ್‌ನಲ್ಲಿ ಮೇನ್ ಎಲ್‌ಆರ್, ಅಂದರೆ ಸ್ಪೀಕರ್‌ಗೆ ಹೋಗುವ ಮಿಕ್ಸ್‌ನ ಸ್ಟೀರಿಯೋ ಇತ್ತು, ಅದನ್ನೇ ಇಟ್ಕೊಳ್ಳಿ ಅಂದರು. ಕೇಳಿದರೆ ಚೆಂಡೆ ಆಚೆ ಗುಡ್ಡದಲ್ಲಿ ಬಾರಿಸಿದ ಹಾಗಿದೆ. ಬಯಲಲ್ಲಿ ಚೆಂಡೆಗೆ ಸ್ಪೀಕರ್ ಯಾಕೆ ಬೇಕು? ಹಾಗಾಗಿ ಅದರ ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ತಳದಲ್ಲೇ ಇತ್ತು. ಸ್ಪೀಕರ್‌ಗೆ ಹೋಗದ್ದು ಆ ಸ್ಟೀರಿಯೋಗೂ ಹೋಗಿಲ್ಲ. ಭಾಗವತರ ಮೈಕ್‌ಗೆ ನುಸುಳಿದಷ್ಟೇ ಸಿಕ್ಕಿದ್ದು. ದುಡ್ಡು ವಾಪಸ್ ಕೇಳಿದ್ದಕ್ಕೆ ‘ಆಟಕ್ಕೆ ಸೌಂಡ್ ಚೆನ್ನಾಗಿತ್ತಲ್ವಾ?’ ಅನ್ನೋ ಉತ್ತರ.

ಚೌಕಿಪೂಜೆಗೆ ಮುಂಚೆಯೇ ಹೋಗಿ ಲ್ಯಾಪ್‌ಟಾಪ್ ಪಕ್ಕ ನಿಂತುಕೊಳ್ಳಿ. ಒಂದೊಂದೇ ಮೈಕ್‌ನಲ್ಲಿ ಮಾತಾಡಿಸಿ, ಅದರದೇ ಟ್ರ್ಯಾಕ್‌ನ ಮೀಟರ್ ಏರುತ್ತಾ ನೋಡಿ. ಒಂದು ನಿಮಿಷ ರೆಕಾರ್ಡ್ ಮಾಡಿಸಿ, ಹೆಡ್‌ಫೋನನ್ನು ಲ್ಯಾಪ್‌ಟಾಪಿಗೇ ಹಾಕಿ ಕೇಳಿ. ಮಿಕ್ಸರ್ ಮೂಲಕ ಕೇಳಿಸುತ್ತೀವಿ ಅಂದರೆ ಚಾನೆಲ್‌ಗಳ ಇನ್‌ಪುಟ್ ಅನ್ನು ಮೈಕ್ ಬದಲು ಕಾರ್ಡ್‌ಗೆ ಬದಲಿಸ್ತಾರೆ. ಅದನ್ನು ವಾಪಸ್ ತಿರುಗಿಸದಿದ್ದರೆ ಆಟದ ಹೊತ್ತಿಗೆ ಮೈಕ್‌ಗಳೇ ಸತ್ತಿರುತ್ತವೆ. ಚೆಕ್ ಆದ ಮೇಲೆ ಹಳೇ ಸೀನ್ ಲೋಡ್ ಮಾಡಿದರೂ ರೂಟಿಂಗ್ (ಸದ್ದು ಎಲ್ಲಿಂದ ಎಲ್ಲಿಗೆ ಅನ್ನೋ ಸೆಟ್ಟಿಂಗ್) ಬದಲಾಗಬಹುದು, ಮತ್ತೆ ನೋಡಿ.

ಇನ್ನೊಂದು. ಹೀಗೆ ನೇರ ಇನ್‌ಪುಟ್‌ನಿಂದ ಕಾರ್ಡ್‌ಗೆ ಹೋಗುವ ಸದ್ದಿಗೆ ಫೇಡರ್, ಈಕ್ಯೂ ತಾಗಲ್ಲ, ಮೈಕ್ ಸದ್ದನ್ನು ಮೊದಲಲ್ಲೇ ಏರಿಸುವ ಗೇನ್ ಮಾತ್ರ ತಾಗುತ್ತೆ. ಆಟ ಶುರುವಾದ ಮೇಲೆ ಗೇನ್ ಮುಟ್ಟಬೇಡಪ್ಪಾ ಅಂತ ಆಪರೇಟರ್‌ಗೆ ಮೊದಲೇ ಹೇಳಿಡಿ. ರೆಕಾರ್ಡಿಂಗ್ ದುಡ್ಡನ್ನು ಫೈಲ್ ಕೇಳಿ ನೋಡಿದ ಮೇಲೇ ಕೊಡಿ.